ಮಗಳ ಕಾಟೇಜ್ ತೋಟ: ಜೂನ್‌ನಲ್ಲಿ ಕೀಳಬೇಡಿ, ಕೊಯ್ಯಿರಿ

ಪ್ರಶ್ನೆ: ನಮ್ಮ ಮಗಳು, ಅಳಿಯ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಒಂದು ಹಳ್ಳಿಯಲ್ಲಿ ಹಳೇ ಕಲ್ಲಿನ ಕಾಟೇಜ್ ಬಾಡಿಗೆಗೆ ಹಿಡಿದಿದ್ದಾರೆ. ಮನೆಯ ಹಿಂದೆ ಮುಂದೆ ತೋಟವಿದೆ. ಹೂವಿನ ಗಿಡ, ಹಣ್ಣಿನ ಪೊದೆ, ಸೊಪ್ಪು, ಕಳೆ ಎಲ್ಲ ಒಂದರೊಳಗೊಂದು ಸೇರಿಕೊಂಡಿವೆಯಂತೆ. ಜೂನ್ ಮೊದಲ ವಾರದಿಂದ ಆಗಸ್ಟ್ ಕೊನೆಯವರೆಗೆ ನಾನು ಅಲ್ಲಿರುತ್ತೇನೆ. ಹೂವಿನ ಗಿಡ ಸ್ವಲ್ಪ ಕಿತ್ತು ಕೊತ್ತಂಬರಿ, ಹರಿವೆ, ಅವರೆ, ಬೆಂಡೆ ಹಾಕಬಹುದಾ? ಮಗಳು ಹಾಕಿದ ಕೊತ್ತಂಬರಿ ಒಂದು ಗೇಣು ಬರುವಷ್ಟರಲ್ಲಿ ಹೂ ಬಿಟ್ಟುಬಿಡ್ತಂತೆ. ಅಲ್ಲಿನ ಬೇಸಿಗೆಯಲ್ಲಿ ಏನೇನು ಕೊಯ್ಲಿಗೆ ಬರುತ್ತೆ? ಸಾಗರದ ಓದುಗರೊಬ್ಬರು.

ಉತ್ತರ: ಏನನ್ನೂ ಕೀಳಬೇಡಿ ಅಮ್ಮಾ. ಜುಲೈ ಮುಗಿಯುವವರೆಗಾದರೂ ಬೇಡ. ಸಾಗರದಲ್ಲಿ ತೋಟಕ್ಕೆ ಇಳಿಯುವಾಗ ಕೈಯಲ್ಲಿ ಕತ್ತಿ ಇರುತ್ತದೆ, ಅಲ್ವಾ? ಅಲ್ಲಿ ಮೊದಲ ತಿಂಗಳು ಒಂದು ಬುಟ್ಟಿ ಹಿಡಿದುಕೊಂಡು ಇಳಿಯಿರಿ, ಸಾಕು. ನಿಮಗೆ ಕಾಡಿನ ಹಾಗೆ ಕಂಡದ್ದರಲ್ಲಿ ಅರ್ಧಕ್ಕರ್ಧ ಯಾರೋ ಬೇಕೆಂದೇ ನೆಟ್ಟದ್ದು. ಬಾಡಿಗೆ ಮನೆ ಬೇರೆ. ಗಿಡ ಕೀಳುವ ಮುಂಚೆ ಮನೆ ಮಾಲೀಕರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಆ ತೋಟ ಹಾಗೆ ಕಲಸುಮೇಲೋಗರವಾಗಿ ಕಾಣುವುದಕ್ಕೂ ಕಾರಣವಿದೆ. ಕಾಟೇಜ್ ಎಂದರೆ ಮೂಲದಲ್ಲಿ ಕೂಲಿಯವರ, ಸಣ್ಣ ಕುಶಲಕರ್ಮಿಗಳ ಮನೆ. ಇದ್ದ ಅಂಗೈಯಗಲ ಜಾಗದಲ್ಲಿ ಆಲೂಗಡ್ಡೆ, ಎಲೆಕೋಸು, ಬೀನ್ಸ್ ಬೆಳೆಯಬೇಕಿತ್ತು. ಒಂದು ಹಂದಿ, ನಾಲ್ಕು ಕೋಳಿ, ಒಂದು ಜೇನುಗೂಡು ಇಡಬೇಕಿತ್ತು. ಕೆಮ್ಮು ನೆಗಡಿಗೆ ಬೇಕಾದ ಮೂಲಿಕೆಗೂ ಜಾಗ ಬೇಕು. ಹೂವು ಉಳಿದ ಸಂದಿಯಲ್ಲಿ ಬರುತ್ತಿತ್ತು. ತಾನಾಗಿ ಬೀಜ ಉದುರಿಸಿ ಹುಟ್ಟುವ ಗಿಡವನ್ನು ಯಾರೂ ದುಡ್ಡು ಕೊಟ್ಟು ತರಬೇಕಿರಲಿಲ್ಲ, ಹಾಗಾಗಿ ಅವೇ ಉಳಿದುಕೊಂಡವು. ಆಮೇಲೆ 19ನೇ ಶತಮಾನದ ಕೊನೆಯಲ್ಲಿ ವಿಲಿಯಂ ರಾಬಿನ್ಸನ್, ಗರ್ಟ್ರೂಡ್ ಜೀಕಿಲ್ ತರದ ತೋಟಗಾರಿಕೆ ಬರಹಗಾರರು ಈ ಬಡವರ ತೋಟವನ್ನು ನೋಡಿ, ಇದರಲ್ಲೊಂದು ಅಂದವಿದೆ ಎಂದು ಶ್ರೀಮಂತರ ಅಂಗಳಕ್ಕೂ ತಂದರು. ಇವತ್ತು ಕ್ಯಾಲೆಂಡರ್‌ನಲ್ಲಿ ಕಾಣುವ ಗುಲಾಬಿ ಹಬ್ಬಿದ ಬಾಗಿಲಿನ ಚಿತ್ರ ಅಲ್ಲಿಂದ ಬಂದದ್ದು. ನಿಮ್ಮ ಮಗಳ ತೋಟದಲ್ಲಿ ಹಣ್ಣಿನ ಪೊದೆಯೂ ಸೊಪ್ಪೂ ಹೂವೂ ಒಟ್ಟಿಗೇ ಇವೆ ಅಂದರೆ, ಅದು ಹಳೇ ಕ್ರಮಕ್ಕೆ ಹತ್ತಿರವಾಗಿಯೇ ಇದೆ.

ಈಗ ಕೊತ್ತಂಬರಿಯ ವಿಷಯ. ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು, ಯಾಕೆಂದರೆ ನಿಮ್ಮ ಮಿಕ್ಕ ಪ್ರಶ್ನೆಗಳಿಗೂ ಉತ್ತರ ಇದರಲ್ಲೇ ಇದೆ. ಅಲ್ಲಿನ ಬೇಸಿಗೆ ತೋಟವನ್ನು ನಡೆಸುವುದು ಬಿಸಿಲಿನ ಕಾವಲ್ಲ, ಹಗಲಿನ ಉದ್ದ. ಸಾಗರದಲ್ಲಿ ವರ್ಷದ ಅತಿ ಉದ್ದದ ಹಗಲು 13 ಗಂಟೆಗೆ ಹತ್ತಿರ. ಗ್ಲಾಸ್ಟರ್‌ಶೈರ್‌ನಲ್ಲಿ ಜೂನ್ 21ರ ಆಸುಪಾಸು ಬೆಳಗಿನ 5 ಗಂಟೆಗೆ ಮೊದಲೇ ಸೂರ್ಯ ಹುಟ್ಟಿ, ರಾತ್ರಿ ಒಂಬತ್ತೂವರೆಗೆ ಮುಳುಗುತ್ತಾನೆ. ಹದಿನಾರೂವರೆ ಗಂಟೆಗೂ ಜಾಸ್ತಿ ಹಗಲು. ಮುಳುಗಿದ ಮೇಲೂ ಅರ್ಧ ಮುಕ್ಕಾಲು ಗಂಟೆ ಹೊರಗೆ ಕೆಲಸ ಮಾಡುವಷ್ಟು ಬೆಳಕಿರುತ್ತದೆ. ಆದರೆ ಕಾವು? ಜುಲೈನಲ್ಲೂ ಹಗಲು ಸಾಮಾನ್ಯವಾಗಿ 21ರಿಂದ 23 ಡಿಗ್ರಿ, ರಾತ್ರಿ 12 ಡಿಗ್ರಿಯ ಸುತ್ತಮುತ್ತ. ಒಮ್ಮೊಮ್ಮೆ ಲೆಕ್ಕ ತಪ್ಪುವುದೂ ಉಂಟು. 2022ರ ಜುಲೈ 19ರಂದು ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಆದರೆ ಅಂಥದ್ದನ್ನು ನಂಬಿ ಬೆಂಡೆ ಬೀಜ ಹಾಕುವುದಕ್ಕಾಗುವುದಿಲ್ಲ.

ಗಿಡಗಳು ಹಗಲಿನ ಉದ್ದವನ್ನು ಅಳೆಯುತ್ತವೆ. ಸರಿಯಾಗಿ ಹೇಳಬೇಕೆಂದರೆ ರಾತ್ರಿಯ ಉದ್ದವನ್ನು. ಕೊತ್ತಂಬರಿಗೆ ಹಗಲು ಉದ್ದವಾದಷ್ಟೂ ಹೂ ಬಿಡುವ ಆತುರ. ಅದರ ಜೊತೆ ಒಂದೆರಡು ದಿನ ಬುಡ ಒಣಗಿದರೂ ಸಾಕು, ಎಲೆ ಬಿಡುವುದು ನಿಲ್ಲಿಸಿ ತೆನೆ ಎತ್ತುತ್ತದೆ. ನಿಮ್ಮ ಮಗಳ ಕೈಗುಣದ ದೋಷವಲ್ಲ ಅದು. ಮಾಡಬೇಕಾದದ್ದು ಇಷ್ಟು. ಒಂದೇ ಸಲ ಇಡೀ ಮಡಿಗೆ ಎರಚಬೇಡಿ. ಹದಿನೈದು ದಿನಕ್ಕೊಮ್ಮೆ ಒಂದೊಂದು ಮೊಳ ಜಾಗಕ್ಕೆ ಬಿತ್ತಿ. ಮಧ್ಯಾಹ್ನದ ಮೇಲೆ ನೆರಳು ಬೀಳುವ ಕಡೆ ಇರಲಿ. ಕಿತ್ತು ಬೇರೆಡೆ ನೆಡಬೇಡಿ, ಬೇರು ಅಲ್ಲಾಡಿದರೆ ಇನ್ನೂ ಬೇಗ ಹೂ ಬಿಡುತ್ತದೆ. ಅಲ್ಲಿನ ಅಂಗಡಿಗಳಲ್ಲಿ ಎಲೆಗೆಂದೇ ಆರಿಸಿದ, ನಿಧಾನಕ್ಕೆ ಹೂ ಬಿಡುವ ತಳಿಗಳ ಬೀಜ ಸಿಗುತ್ತದೆ. ‘ಕ್ಯಾಲಿಪ್ಸೊ’ ಅಂಥದ್ದೊಂದು. ಆಗಸ್ಟ್ ನಡುವಿಗೆ ಹಾಕಿದ್ದು ಎಲ್ಲಕ್ಕಿಂತ ಚೆನ್ನಾಗಿ ಬರುತ್ತದೆ, ಯಾಕೆಂದರೆ ಹಗಲು ಆಗ ಕುಗ್ಗುತ್ತಿರುತ್ತದೆ. ಅದನ್ನು ತಿನ್ನುವುದು ನಿಮ್ಮ ಮಗಳು, ನೀವಲ್ಲ, ಅದೊಂದು ಬೇಸರ.

ಅವರೆಯದು ಇದಕ್ಕೆ ಪೂರಾ ತಿರುಗುಮುರುಗು. ನಮ್ಮ ನಾಟಿ ಅವರೆಗೆ ಹಗಲು ಚಿಕ್ಕದಾಗಬೇಕು, ಆಗಲೇ ಹೂವು. ಸೊನೆ ಅವರೆ ಚಳಿಗಾಲದಲ್ಲೇ ಬರುವುದು ಅದಕ್ಕೇ. ಗ್ಲಾಸ್ಟರ್‌ಶೈರ್‌ನಲ್ಲಿ ಹಗಲು 13 ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಎರಡನೇ ವಾರದಲ್ಲಿ. ಅಷ್ಟರಲ್ಲಿ ರಾತ್ರಿ ಚಳಿ ಶುರುವಾಗಿರುತ್ತದೆ. ಬಳ್ಳಿ ಮಾತ್ರ ಚಪ್ಪರದ ತುಂಬ ಹಬ್ಬಿರುತ್ತದೆ, ಕಾಯಿ ಕಾಣುವ ಹೊತ್ತಿಗೆ ಮಂಜು ಬೀಳುತ್ತದೆ. ಈರುಳ್ಳಿಗೂ ಇದೇ ಕಥೆ. ನಮ್ಮ ಕಡೆಯ ತಳಿಗಳು ಹಗಲು 12 ಗಂಟೆಯ ಸುಮಾರಿಗೆ ಬಂದರೆ ಗಡ್ಡೆ ಕಟ್ಟುತ್ತವೆ. ಅವನ್ನು ಅಲ್ಲಿ ವಸಂತದಲ್ಲಿ ಹಾಕಿದರೆ ಎಲೆ ಬೆಳೆಯುವ ಮೊದಲೇ ಗಡ್ಡೆ ಕಟ್ಟಿ ಗೋಲಿಯಷ್ಟಕ್ಕೇ ನಿಂತುಬಿಡುತ್ತವೆ.

ಅಂದಹಾಗೆ, ಊರಿಂದ ಬೀಜ, ಬಾಳೆ ಗಡ್ಡೆ, ಕರಿಬೇವಿನ ಸಸಿ ಇವನ್ನೆಲ್ಲ ಸೀರೆ ಮಡಿಕೆಯಲ್ಲಿಟ್ಟು ಒಯ್ಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಒಯ್ಯುವುದು ಕಾನೂನಿಗೆ ವಿರುದ್ಧ, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ಬೇಕಾದ ಬೀಜ ಅಲ್ಲೇ ಸಿಗುತ್ತದೆ.

ಹಾಗಾದರೆ ನಮ್ಮದು ಯಾವುದೂ ಬರುವುದಿಲ್ಲವೇ? ಮೆಂತ್ಯ ಸೊಗಸಾಗಿ ಬರುತ್ತದೆ. ಅಡುಗೆಮನೆಯ ಡಬ್ಬಿಯ ಕಾಳನ್ನೇ ಒತ್ತಾಗಿ ಬಿತ್ತಿ, ನಾಲ್ಕು ವಾರದೊಳಗೆ ಸೊಪ್ಪು. ಹರಿವೆಯನ್ನು ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಬುಡದಲ್ಲಿ ಜೂನ್‌ನಲ್ಲೇ ಹಾಕಿ. ಹಗಲೆಲ್ಲ ಕಾವು ಹೀರಿದ ಕಲ್ಲಿನ ಗೋಡೆ ರಾತ್ರಿ ಅದನ್ನು ಬಿಡುತ್ತದೆ, ಗಿಡಕ್ಕೆ ಆ ಎರಡು ಡಿಗ್ರಿಯೂ ದೊಡ್ಡದು. ಬೆಂಡೆ, ಬಸಳೆ, ಹಾಗಲಗಳಿಗೆ ಗಾಜಿನ ಮನೆ ಬೇಕು. ಅದಿದ್ದರೂ ಬೆಂಡೆ ಗಿಡಕ್ಕೆ ನಾಲ್ಕು ಕಾಯಿ ಬಿಟ್ಟರೆ ಹೆಚ್ಚು. ನನ್ನನ್ನು ಕೇಳಿದರೆ ಆ ಜಾಗದಲ್ಲಿ ಟೊಮೇಟೊ, ಹಸಿಮೆಣಸು ಇಡುವುದೇ ಜಾಣತನ.

ಇನ್ನು ಅಲ್ಲಿನದೇ ಬೆಳೆ. ಇದರಲ್ಲಿ ನಿಮಗೆ ಹಬ್ಬ ಕಾದಿದೆ.

ನೀವು ಹೋಗಿ ಇಳಿಯುವ ಹೊತ್ತಿಗೆ ರೂಬಾರ್ಬ್ ಇರುತ್ತದೆ. ಕೆಸುವಿನ ಹಾಗೆ ಅಗಲ ಎಲೆ, ಕೆಂಪು ದಂಟು. ದಂಟು ಮಾತ್ರ ತಿನ್ನಬೇಕು. ಎಲೆಯಲ್ಲಿ ಆಕ್ಸಾಲಿಕ್ ಆಮ್ಲ ಜಾಸ್ತಿ, ಅದು ವಿಷ. ದನಿಯಾ, ಮೆಣಸು, ಬೆಲ್ಲ ಹಾಕಿ ಅದರ ಗೊಜ್ಜು ಮಾಡಿ ನೋಡಿ, ಹುಣಸೆಹಣ್ಣೇ ಬೇಡ. ಜೂನ್ ಕೊನೆಗೆ ಕೀಳುವುದು ನಿಲ್ಲಿಸಿ. ಆಮೇಲೆ ಬಿಡುವ ಎಲೆಗಳಿಂದಲೇ ಬುಡ ಮುಂದಿನ ವರ್ಷಕ್ಕೆ ಶಕ್ತಿ ಕೂಡಿಡುವುದು. ಎಳೆ ಕುಡಿ ತಿನ್ನುವ ಆಸ್ಪರಾಗಸ್ ಇದ್ದರೆ ಅದನ್ನೂ ಜೂನ್ 21ರ ಹೊತ್ತಿಗೆ ಬಿಟ್ಟುಬಿಡುತ್ತಾರೆ, ಕಾರಣ ಇದೇ.

ಬ್ರಾಡ್ ಬೀನ್ಸ್ ಕೂಡ ಜೂನ್‌ನದು. ದಪ್ಪ ಸಿಪ್ಪೆ, ಒಳಗೆ ಹತ್ತಿಯಂಥ ಮೆತ್ತೆ, ಅದರಲ್ಲಿ ಕಾಳು. ಚಿಕ್ಕದಿದ್ದಾಗ ಹಾಗೇ ಬೇಯಿಸಬಹುದು. ಬಲಿತಿದ್ದರೆ ಬಿಸಿನೀರಿಗೆ ಹಾಕಿ ತೆಗೆದು, ಬೆರಳಲ್ಲಿ ಹಿಸುಕಿದರೆ ಹಸಿರು ಬೇಳೆ ಚಿಮ್ಮುತ್ತದೆ. ಹಿತಕಿದ ಬೇಳೆ ಮಾಡಿದ ಕೈಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಿತಕಿದ ಬೇಳೆ ಸಾರಿನ ಮಸಾಲೆ ಇದಕ್ಕೂ ಚೆನ್ನಾಗಿ ಹೊಂದುತ್ತದೆ. ಅವರೆ ಇಲ್ಲವೆಂಬ ಕೊರಗು ಅರ್ಧ ಇಳಿಯುತ್ತದೆ ನೋಡಿ. ಗಿಡದ ಕುಡಿಗೆ ಕಪ್ಪು ಹೇನು ಮುತ್ತಿಕೊಂಡಿದ್ದರೆ ಔಷಧಿ ಹುಡುಕಬೇಡಿ. ಕುಡಿ ಚಿವುಟಿ ಎಸೆಯಿರಿ, ಮುಗಿಯಿತು. ಹೇನು ಬರುವ ಮೊದಲೇ ಚಿವುಟಿದರೆ ಆ ಕುಡಿ ಪಲ್ಯಕ್ಕಾಗುತ್ತದೆ.

ಹೊಸ ಆಲೂಗಡ್ಡೆಯನ್ನು ಗಿಡ ಹೂ ಬಿಡುವ ಹೊತ್ತಿಗೆ, ಜೂನ್ ನಡುವಿನಿಂದ ಅಗೆಯುತ್ತಾರೆ. ಅಗೆದ ಅರ್ಧ ಗಂಟೆಯಲ್ಲಿ ಪುದೀನ ಹಾಕಿ ಬೇಯಿಸಿ ಬೆಣ್ಣೆ ಸವರಿ ತಿನ್ನುತ್ತಾರೆ. ಅದನ್ನು ಒಗ್ಗರಣೆಯಿಲ್ಲದೆ ಒಮ್ಮೆ ಅವರ ಹಾಗೆಯೇ ತಿಂದು ನೋಡಿ. ಆದರೆ ಜುಲೈ, ಆಗಸ್ಟ್‌ನಲ್ಲಿ ಒಂದು ಪೀಡೆ ಇದೆ, ಬ್ಲೈಟ್. ಅಂಗಮಾರಿ ಅನ್ನುತ್ತೇವಲ್ಲ, ಅದೇ ರೋಗ. ಸತತ ಎರಡು ದಿನ ಕನಿಷ್ಠ ಉಷ್ಣತೆ 10 ಡಿಗ್ರಿಗಿಂತ ಇಳಿಯದೆ, ಎರಡೂ ದಿನ 6 ಗಂಟೆಯಾದರೂ ಗಾಳಿಯ ತೇವ ಶೇ 90 ಮುಟ್ಟಿದರೆ ಅಲ್ಲಿನ ರೈತರಿಗೆ ಎಚ್ಚರಿಕೆ ಹೋಗುತ್ತದೆ. ಎಲೆಯ ಮೇಲೆ ಕಂದು ಕಲೆ, ಅಡಿಯಲ್ಲಿ ಬಿಳಿ ಬೂಜು ಕಂಡರೆ ಕಾಯಬೇಡಿ. ಮೇಲಿನ ದಂಟನ್ನೆಲ್ಲ ಕೊಯ್ದು ತೋಟದಿಂದಾಚೆ ಸಾಗಿಸಿ. ಗಡ್ಡೆಯನ್ನು ಎರಡು ವಾರ ಮಣ್ಣಲ್ಲೇ ಬಿಟ್ಟು ಆಮೇಲೆ ಅಗೆಯಿರಿ. ಟೊಮೇಟೊಗೂ ಇದೇ ರೋಗ ಅಂಟುತ್ತದೆ, ಹೊರಗೆ ನೆಟ್ಟವು ಒಂದೇ ವಾರದಲ್ಲಿ ಕಪ್ಪಾಗುತ್ತವೆ. ಅದಕ್ಕೇ ಗಾಜಿನ ಮನೆ ಅಂದದ್ದು. ಆಗಸ್ಟ್ ಕೊನೆಗೂ ಹಸಿರಾಗೇ ಉಳಿದ ಟೊಮೇಟೊಕಾಯಿಯಿಂದ ಅವರು ಚಟ್ನಿ ಮಾಡಿ ಬಾಟಲಿಗೆ ತುಂಬುತ್ತಾರೆ. ನಿಮಗೆ ಕಾಯಿ ಟೊಮೇಟೊ ಗೊಜ್ಜು ಗೊತ್ತೇ ಇದೆ.

ಹಣ್ಣಿನ ಪೊದೆ ಅಂದಿರಲ್ಲ, ಅವು ಯಾವುವು ಅಂತ ಬರೆದಿಲ್ಲ. ಕಾಟೇಜ್ ತೋಟವಾದರೆ ಹೆಚ್ಚಾಗಿ ಗೂಸ್‌ಬೆರಿ (ನಮ್ಮ ನೆಲ್ಲಿಕಾಯಿ ಅಲ್ಲ), ಬ್ಲ್ಯಾಕ್‌ಕರಂಟ್, ರೆಡ್‌ಕರಂಟ್, ರಾಸ್‌ಬೆರಿ. ಬೇಸಿಗೆಯ ನಿಜವಾದ ಸಂಪತ್ತು ಇಲ್ಲಿದೆ.

ಗೂಸ್‌ಬೆರಿಗೆ ಮುಳ್ಳಿರುತ್ತದೆ, ತೋಳು ಮುಚ್ಚುವ ಅಂಗಿ ಹಾಕಿಕೊಳ್ಳಿ. ಅದನ್ನು ಎರಡು ಸಲ ಕೊಯ್ಯುತ್ತಾರೆ. ಜೂನ್ ಮೊದಲ ಭಾಗದಲ್ಲಿ ಒಂದು ಬಿಟ್ಟು ಒಂದು ಕಾಯಿ ಕಿತ್ತು ಅಡುಗೆಗೆ. ಆಗ ಹುಳಿ ಹಲ್ಲು ಚುಳ್ಳೆನ್ನಿಸುತ್ತದೆ, ಉಪ್ಪಿನಕಾಯಿಗೆ, ಚಿತ್ರಾನ್ನಕ್ಕೆ ಅದೇ ಹದ. ಉಳಿದ ಕಾಯಿಗೆ ಜಾಗ ಸಿಕ್ಕಿ ಜುಲೈನಲ್ಲಿ ದಪ್ಪಗೆ, ಸಿಹಿಯಾಗಿ ಹಣ್ಣಾಗುತ್ತವೆ. ಈ ಹಣ್ಣಿನ ಹುಚ್ಚು ಎಷ್ಟೆಂದರೆ ಯಾರ್ಕ್‌ಶೈರ್‌ನ ಎಗ್ಟನ್ ಬ್ರಿಜ್ ಎಂಬ ಹಳ್ಳಿಯಲ್ಲಿ ಯಾರ ಗೂಸ್‌ಬೆರಿ ಹೆಚ್ಚು ತೂಗುತ್ತದೆ ಅಂತ 1800ರಿಂದ ಸ್ಪರ್ಧೆ ನಡೆಯುತ್ತ ಬಂದಿದೆ. ಆಗಸ್ಟ್‌ನ ಮೊದಲ ಮಂಗಳವಾರ. ನಿಮ್ಮ ಕೆಲಸ ಮಾತ್ರ ಪೊದೆಯ ನಡುವೆ ಬಗ್ಗಿ ನೋಡುವುದು. ಸಾಫ್ಲೈ ಎಂಬ ಕೀಟದ ಮರಿಹುಳ ಒಳಗಿಂದ ತಿನ್ನುತ್ತ ಹೊರಗೆ ಬರುತ್ತದೆ. ಹೊರಗೆ ಕಾಣುವ ಹೊತ್ತಿಗೆ ಗಿಡದಲ್ಲಿ ಎಲೆಯೇ ಇರುವುದಿಲ್ಲ. ಕೈಯಲ್ಲೇ ಹೆಕ್ಕಬೇಕು.

ಬ್ಲ್ಯಾಕ್‌ಕರಂಟ್ ಜುಲೈನಲ್ಲಿ. ಕಪ್ಪಾದ ತಕ್ಷಣ ಕೊಯ್ಯಬೇಡಿ, ಒಂದು ವಾರ ಬಿಡಿ, ಸಿಹಿ ತುಂಬುತ್ತದೆ. ಇದರಲ್ಲಿ ವಿಟಮಿನ್ ಸಿ ಜಾಸ್ತಿ. ಎರಡನೇ ಮಹಾಯುದ್ಧದಲ್ಲಿ ಕಿತ್ತಳೆ ಹಡಗು ಬರುವುದು ಕಷ್ಟವಾದಾಗ ಬ್ರಿಟನ್‌ನ ಮಕ್ಕಳಿಗೆ ಇದರ ಪಾನಕ ಕೊಡುತ್ತಿದ್ದರು. ಕೊಯ್ಯುವುದಕ್ಕೆ ಒಂದು ಸುಲಭ ದಾರಿ ಇದೆ. ಈ ಪೊದೆಯಲ್ಲಿ ಪ್ರತಿ ವರ್ಷ ಮೂರರಲ್ಲಿ ಒಂದು ಭಾಗ ಹಳೇ ಕೊಂಬೆ ಬುಡಕ್ಕೆ ಕತ್ತರಿಸಲೇಬೇಕು. ಹೊಸ ಚಿಗುರಿನಲ್ಲೇ ಒಳ್ಳೆ ಹಣ್ಣು ಬರುವುದು. ಅದನ್ನು ಹಣ್ಣಿರುವಾಗಲೇ ಕತ್ತರಿಸಿ, ಕೊಂಬೆ ಸಮೇತ ತಂದು ನೆರಳಲ್ಲಿ ಕುರ್ಚಿ ಹಾಕಿಕೊಂಡು ಬಿಡಿಸಿ. ಸೊಂಟವೂ ಉಳಿಯಿತು, ಗಿಡವೂ ಸರಿಯಾಯಿತು. ಆದರೆ ಪಕ್ಕದ ರೆಡ್‌ಕರಂಟ್‌ಗೆ ಹೀಗೆ ಮಾಡಿಬಿಟ್ಟೀರಿ! ಅದು ಹಳೇ ಕೊಂಬೆಯ ಗಂಟುಗಳಲ್ಲಿ ಹಣ್ಣು ಬಿಡುವ ಗಿಡ. ಎರಡೂ ದೂರದಿಂದ ಒಂದೇ ತರ ಕಾಣುತ್ತವೆ. ಬ್ಲ್ಯಾಕ್‌ಕರಂಟ್ ಎಲೆಯನ್ನು ಉಜ್ಜಿದರೆ ಕಟುವಾದ ವಾಸನೆ ಬರುತ್ತದೆ, ರೆಡ್‌ಕರಂಟ್‌ಗೆ ಅದಿಲ್ಲ.

ರಾಸ್‌ಬೆರಿ ಹಣ್ಣಾಗಿದೆಯೇ ಅಂತ ಬಣ್ಣ ನೋಡಬೇಕಿಲ್ಲ. ಮೆತ್ತಗೆ ಎಳೆದರೆ ತೊಟ್ಟಿನ ತುದಿಯ ಬಿಳಿ ಗೂಟ ಗಿಡದಲ್ಲೇ ಉಳಿದು ಹಣ್ಣು ಕೈಗೆ ಬರಬೇಕು. ಬರದಿದ್ದರೆ ನಾಳೆ. ಸ್ಟ್ರಾಬೆರಿಯನ್ನು ಬೆಳಿಗ್ಗೆ ಹೊತ್ತು, ತೊಟ್ಟು ಸಮೇತ ಕೊಯ್ಯಿರಿ. ಅದರ ಬುಡಕ್ಕೆ ಹುಲ್ಲು ಹಾಸಿರುತ್ತಾರೆ, ಹಣ್ಣು ಮಣ್ಣಿಗೆ ತಾಗಿ ಕೊಳೆಯದಿರಲಿ ಅಂತ. ಬ್ಲ್ಯಾಕ್‌ಬರ್ಡ್ ಎಂಬ ಹಕ್ಕಿ ನಿಮಗಿಂತ ಮೊದಲೇ ಎದ್ದಿರುತ್ತದೆ. ಬೆಳಗಿನ 5 ಗಂಟೆಗೇ ಬೆಳಕಾಗುವ ಊರಲ್ಲಿ ಅದನ್ನು ಸೋಲಿಸುವುದು ಆಗದ ಮಾತು, ಬಲೆ ಹಾಕಲೇಬೇಕು. ಬಲೆ ಬಿಗಿಯಾಗಿರಲಿ. ಸಡಿಲ ಬಲೆಯಲ್ಲಿ ಹಕ್ಕಿ ಸಿಕ್ಕಿಕೊಳ್ಳುತ್ತದೆ, ಹೆಜ್‌ಹಾಗ್ ಕೂಡ. ಮುಳ್ಳು ಮೈಯ ಆ ಪುಟ್ಟ ಪ್ರಾಣಿ ರಾತ್ರಿ ಬಂದು ಹುಳುಹುಪ್ಪಟೆ ತಿನ್ನುತ್ತದೆ. ಅದು ಬಂದರೆ ಪುಣ್ಯ.

ಯಾಕೆಂದರೆ ಅಲ್ಲಿನ ತೋಟದ ಮೊದಲ ಶತ್ರು ಸ್ಲಗ್, ಚಿಪ್ಪಿಲ್ಲದ ಬಸವನಹುಳು. ನೀವು ಮೊಳಕೆ ಬರಿಸಿದ ಬೀನ್ಸ್ ಸಾಲನ್ನು ಒಂದೇ ಮಳೆ ರಾತ್ರಿಯಲ್ಲಿ ಮುಗಿಸಿಬಿಡುತ್ತದೆ. ಹಿಂದೆ ಎಲ್ಲರೂ ಮೆಟಾಲ್ಡಿಹೈಡ್ ಎಂಬ ನೀಲಿ ಗುಳಿಗೆ ಎರಚುತ್ತಿದ್ದರು. ಹಕ್ಕಿ, ಸಾಕುಪ್ರಾಣಿಗಳಿಗೆ ಅಪಾಯವೆಂದು 2022ರ ವಸಂತದಿಂದ ಅದರ ಬಳಕೆ ನಿಷೇಧ. ಶೆಡ್ಡಿನಲ್ಲಿ ಹಳೇ ಡಬ್ಬಿ ಸಿಕ್ಕಿದರೆ ಮುಟ್ಟಬೇಡಿ. ಸಸಿಯನ್ನು ಕುಂಡದಲ್ಲಿ ಬೆಳೆಸಿ, ನಾಲ್ಕೆಲೆ ಗಟ್ಟಿಯಾದ ಮೇಲೆ ನೆಡಿ. ಹತ್ತು ಗಂಟೆಯ ಮೇಲೆ ಟಾರ್ಚ್ ಹಿಡಿದು ಹೋಗಿ ಹೆಕ್ಕಿ. ನೀರನ್ನು ಬೆಳಿಗ್ಗೆ ಹಾಯಿಸಿ. ಸಂಜೆ ಹಾಕಿದರೆ ಒದ್ದೆ ನೆಲದಲ್ಲಿ ಅವಕ್ಕೆ ರಾತ್ರಿಯೆಲ್ಲ ಹಬ್ಬ.

ನೀರೆಂದಾಗ ನೆನಪಾಯಿತು. ನೀವು ಮಲೆನಾಡಿನವರು, ಮಳೆ ಅಂದರೆ ಏನೆಂದು ಗೊತ್ತು. ಅಲ್ಲಿ ಅಂಥ ಮಳೆ ಇಲ್ಲ. ವಾರಗಟ್ಟಲೆ ಮೋಡ ಕವಿದು, ತುಂತುರು ಹನಿದು, ಮೇಲ್ಮಣ್ಣು ಮಾತ್ರ ಒದ್ದೆಯಾಗಿ ಬೇರಿಗೆ ಏನೂ ಇಳಿದಿರುವುದಿಲ್ಲ. ಗ್ಲಾಸ್ಟರ್‌ಶೈರ್‌ನ ಕಾಟ್ಸ್‌ವೋಲ್ಡ್ ಬೆಟ್ಟದ ಕಡೆಯಾದರೆ ಮಣ್ಣು ಆಳವಿಲ್ಲ, ಅಡಿಯಲ್ಲಿ ಸುಣ್ಣದ ಕಲ್ಲು. ನೀರು ಬೇಗ ಜಾರಿಹೋಗುತ್ತದೆ. ಬೆರಳು ಚುಚ್ಚಿ ನೋಡಿ ನೀರು ಹಾಕಿ. ಬರ ಬಂದ ವರ್ಷ ಪೈಪ್ ಹಿಡಿದು ನೀರು ಹಾಯಿಸುವುದಕ್ಕೆ ನಿರ್ಬಂಧ ಹಾಕುತ್ತಾರೆ. 2022ರಲ್ಲಿ ದಕ್ಷಿಣ ಇಂಗ್ಲೆಂಡಿನ ಎಷ್ಟೋ ಕಡೆ ಹಾಗಾಯಿತು. ಕ್ಯಾನಿನಲ್ಲಿ ಹಾಕಬಹುದು. ಸೂರಿನ ನೀರು ಹಿಡಿಯುವ ಪೀಪಾಯಿ ಇದ್ದರೆ ಒಳ್ಳೆಯದು. ಸುಣ್ಣದ ಮಣ್ಣನ್ನು ಲ್ಯಾವೆಂಡರ್ ಬಹಳ ಇಷ್ಟಪಡುತ್ತದೆ. ಬ್ಲೂಬೆರಿ ಮಾತ್ರ ಅಲ್ಲಿ ಎಲೆ ಹಳದಿಯಾಗಿ ಸೊರಗುತ್ತದೆ, ಅದನ್ನು ಹುಳಿ ಗುಣದ ಗೊಬ್ಬರ ತುಂಬಿದ ಕುಂಡದಲ್ಲಿ ಇಟ್ಟು ಮಳೆನೀರನ್ನೇ ಹಾಕಬೇಕು.

ಜುಲೈ ಕೊನೆಯಿಂದ ರನ್ನರ್ ಬೀನ್ಸ್ ಶುರು. ಕೆಂಪು ಹೂವಿನ ಬಳ್ಳಿ, ಕೋಲುಗಳನ್ನು ಗೋಪುರದ ಹಾಗೆ ಕಟ್ಟಿ ಹಬ್ಬಿಸುತ್ತಾರೆ. 17ನೇ ಶತಮಾನದಲ್ಲಿ ಇದು ಇಂಗ್ಲೆಂಡಿಗೆ ಬಂದಾಗ ಹೂವಿನ ಅಂದಕ್ಕೆಂದೇ ಬೆಳೆಸುತ್ತಿದ್ದರಂತೆ, ಕಾಯಿ ತಿನ್ನುವ ರೂಢಿ ಆಮೇಲೆ ಬಂದದ್ದು. ಮಗಳು ಹಾಕಿಲ್ಲದಿದ್ದರೆ ನೀವು ಹೋದ ದಿನವೇ ಹಾಕಿ, ಜೂನ್ ನಡುವಿನವರೆಗೂ ನಡೆಯುತ್ತದೆ. ಎರಡು ದಿನಕ್ಕೊಮ್ಮೆ ಕೊಯ್ಯಲೇಬೇಕು. ನಾಲ್ಕು ಕಾಯಿ ಬಲಿಯಲು ಬಿಟ್ಟರೂ ಬಳ್ಳಿ ತನ್ನ ಕೆಲಸ ಆಯಿತೆಂದು ಹೂವು ನಿಲ್ಲಿಸುತ್ತದೆ. ನಾರು ತೆಗೆದು ಸಣ್ಣಗೆ ಹೆಚ್ಚಿ ಕಾಯಿತುರಿ ಹಾಕಿ ಪಲ್ಯ ಮಾಡಿ. ಹಸಿ ತಿನ್ನಬೇಡಿ, ಹೊಟ್ಟೆ ಕೆಡುತ್ತದೆ.

ಕೂರ್ಜೆಟ್ (ಸೌತೆಯಂತೆ ಕಾಣುವ, ಕುಂಬಳದ ಬಳಗದ ಎಳೆಕಾಯಿ) ಕೂಡ ಹಾಗೆಯೇ. ಬೆರಳುದ್ದ ಇದ್ದದ್ದು ಮೂರು ದಿನ ಮರೆತರೆ ತೋಳಿನಷ್ಟಾಗುತ್ತದೆ. ಆಗ ಅದನ್ನು ಮ್ಯಾರೋ ಅನ್ನುತ್ತಾರೆ. ಅಲ್ಲಿಯವರು ಅದಕ್ಕೆ ಏನು ಮಾಡಬೇಕೆಂದು ತಿಳಿಯದೆ ನೆರೆಯವರ ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ನಿಮಗೆ ಮಜ್ಜಿಗೆ ಹುಳಿಗೆ ಪುಕ್ಕಟೆ ತರಕಾರಿ ಸಿಕ್ಕಿತು. ಗಂಡು ಹೂವಿನ ಬಜ್ಜಿ ಮಾಡಬಹುದು.

ಹೂವಿನದೂ ಇದೇ ನಿಯಮ. ಸ್ವೀಟ್ ಪೀ ಹೂವನ್ನು ದಿನ ಬಿಟ್ಟು ದಿನ ಕಿತ್ತು ಮನೆಯಲ್ಲಿಡಿ, ಬಿಟ್ಟರೆ ಕಾಯಿ ಕಟ್ಟಿ ಬಳ್ಳಿ ಮುಗಿಯುತ್ತದೆ. ಬಾಡಿದ ಗುಲಾಬಿಯನ್ನು ಚಿವುಟುತ್ತಿರಿ. ಲ್ಯಾವೆಂಡರ್ ತೆನೆಯಲ್ಲಿ ಹೂವು ಅರಳಲು ಶುರುವಾದಾಗಲೇ ಕೊಯ್ದು ತಲೆಕೆಳಗಾಗಿ ನೇತುಹಾಕಿ. ಹಾಲಿಹಾಕ್, ಡೆಲ್ಫಿನಿಯಂಗಳಿಗೆ ಗಾಳಿಗೆ ಮುರಿಯದಂತೆ ಕೋಲು ಕೊಡಿ, ಅಷ್ಟು ಸಾಕು.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಸೊಪ್ಪು ಕಂಡರೆ ಕಿತ್ತು ತಂಬುಳಿ ಮಾಡುವ ಅಭ್ಯಾಸ ನಮ್ಮ ಮಲೆನಾಡಿನ ಹೆಂಗಸರಿಗಿದೆ. ಅಲ್ಲಿ ಅದನ್ನು ಬದಿಗಿಡಿ. ಎತ್ತರದ ತೆನೆಯಲ್ಲಿ ಗಂಟೆಯಂಥ ನೇರಳೆ ಹೂ ಬಿಡುವ ಫಾಕ್ಸ್‌ಗ್ಲವ್ ಗಿಡದ ಎಲೆ, ಕಾಮ್‌ಫ್ರಿ ಎಂಬ ಮೂಲಿಕೆಯ ಎಲೆಯ ಹಾಗೇ ಕಾಣುತ್ತದೆ. ಅದು ಹೃದಯದ ಬಡಿತವನ್ನೇ ಕೆಡಿಸುವ ವಿಷ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಔಷಧಿ ಇದರ ಕುಲದ್ದೇ ಗಿಡದಿಂದ ಬಂದದ್ದು. ಅದರ ಔಷಧಿ ಬಳಕೆಯ ಬಗ್ಗೆ ವಿಲಿಯಂ ವಿದರಿಂಗ್ ಎಂಬ ವೈದ್ಯ 1785ರಲ್ಲೇ ಬರೆದಿದ್ದ. ಮಾಂಕ್ಸ್‌ಹುಡ್ ಇನ್ನೂ ಕೆಟ್ಟದ್ದು, ಅದು ನಮ್ಮ ವತ್ಸನಾಭಿಯ ಬಳಗ. ಸ್ವೀಟ್ ಪೀ ಕಾಯಿ ಬಟಾಣಿಯಂತೆಯೇ ಇರುತ್ತದೆ, ತಿನ್ನುವಂತಿಲ್ಲ. ಆಲೂಗಡ್ಡೆ ಗಿಡದಲ್ಲಿ ಹೂವಿನ ನಂತರ ಪುಟ್ಟ ಟೊಮೇಟೊದಂಥ ಹಸಿರು ಕಾಯಿ ಬಿಡುತ್ತದೆ, ಅದೂ ವಿಷ. ಮೊಮ್ಮಕ್ಕಳಿದ್ದರೆ ಮೊದಲ ದಿನವೇ ಇವನ್ನು ತೋರಿಸಿ ಹೇಳಿಬಿಡಿ. ಎಲ್ಡರ್ ಮರದ ಹೂವಿನ ಶರಬತ್ತು ಜೂನ್‌ನಲ್ಲಿ ಎಲ್ಲರೂ ಮಾಡುತ್ತಾರೆ, ಬಹಳ ಚೆನ್ನಾಗಿರುತ್ತದೆ. ಆದರೆ ಬೇಲಿಯಲ್ಲಿ ಕೊಡೆಯಂತೆ ಬಿಳಿ ಹೂ ಬಿಡುವ ವಿಷದ ಗಿಡಗಳೂ ಇವೆ, ಹೆಮ್ಲಾಕ್ ಅವುಗಳಲ್ಲೊಂದು. ಮೊದಲ ಸಲ ಊರಿನವರ ಜೊತೆ ಹೋಗಿಯೇ ಕೊಯ್ಯಿರಿ.

ಬೇಲಿ ಕತ್ತರಿಸುವ ಕೆಲಸಕ್ಕೂ ಕೈ ಹಾಕಬೇಡಿ. ಆಗಸ್ಟ್‌ವರೆಗೆ ಅದರಲ್ಲಿ ಹಕ್ಕಿಗೂಡು ಇರುತ್ತದೆ. ಮೊಟ್ಟೆ ಮರಿ ಇರುವ ಗೂಡಿಗೆ ಬೇಕೆಂದೇ ಹಾನಿ ಮಾಡಿದರೆ 1981ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ.

ಹಣ್ಣು ಒಮ್ಮೆಲೇ ಬಂದು ಬೀಳುವಾಗ ಜಾಮ್ ಮಾಡುವುದೊಂದೇ ದಾರಿ. ಹಣ್ಣಿನಷ್ಟೇ ತೂಕದ ಸಕ್ಕರೆ. ಗೂಸ್‌ಬೆರಿ, ಕರಂಟ್‌ಗಳಲ್ಲಿ ಪೆಕ್ಟಿನ್ ಜಾಸ್ತಿ, ತಾನಾಗಿ ಗಟ್ಟಿಯಾಗುತ್ತವೆ. ಸ್ಟ್ರಾಬೆರಿಗೆ ನಿಂಬೆರಸ ಬೇಕು. ಸುಮಾರು 105 ಡಿಗ್ರಿ ಮುಟ್ಟಿದಾಗ ಹದ. ಥರ್ಮಾಮೀಟರ್ ಇಲ್ಲದಿದ್ದರೆ ಫ್ರಿಜ್‌ನಲ್ಲಿಟ್ಟ ತಟ್ಟೆಗೆ ಒಂದು ತೊಟ್ಟು ಹಾಕಿ, ಬೆರಳಲ್ಲಿ ತಳ್ಳಿದಾಗ ಸುಕ್ಕುಗಟ್ಟಬೇಕು. ಪಾಕದ ಹದ ನೋಡಿ ಗೊತ್ತಿರುವ ನಿಮಗೆ ಇದೇನು ಕಷ್ಟವಲ್ಲ. ಊರಲ್ಲಿ ವಿಮೆನ್ಸ್ ಇನ್‌ಸ್ಟಿಟ್ಯೂಟ್ ಇದ್ದರೆ ಹೋಗಿ ನೋಡಿ. ಬ್ರಿಟನ್‌ನಲ್ಲಿ 1915ರಲ್ಲಿ ವೇಲ್ಸ್‌ನಲ್ಲಿ ಶುರುವಾದ ಹೆಂಗಸರ ಸಂಘ ಅದು. 1940ರಲ್ಲಿ ಯುದ್ಧದ ನಡುವೆ ಸಕ್ಕರೆ ಪಡೆದು ಹಳ್ಳಿ ಹಳ್ಳಿಯಲ್ಲಿ ಜಾಮ್ ಕಟ್ಟಿ ಹಣ್ಣು ಹಾಳಾಗದಂತೆ ನೋಡಿಕೊಂಡವರು. ನಿಮ್ಮ ಮಿಡಿ ಉಪ್ಪಿನಕಾಯಿಯ ಮಾತು ತೆಗೆಯಿರಿ, ಗೆಳೆತನ ಆಗಿಬಿಡುತ್ತದೆ.

ಕಲಿಯುವುದಕ್ಕೆ ಇನ್ನೂ ಒಳ್ಳೆಯ ದಾರಿ ಬೇರೆಯವರ ತೋಟ ನೋಡುವುದು. ನ್ಯಾಷನಲ್ ಗಾರ್ಡನ್ ಸ್ಕೀಮ್ ಎಂಬ ಏರ್ಪಾಡಿನಲ್ಲಿ ಜನ ತಮ್ಮ ಮನೆಯ ತೋಟವನ್ನು ಒಂದೆರಡು ದಿನ ಎಲ್ಲರಿಗೂ ತೆರೆದಿಡುತ್ತಾರೆ. ಟಿಕೆಟ್ಟಿನ ಹಣ ದಾನಕ್ಕೆ. 1927ರಲ್ಲಿ 609 ತೋಟಗಳಿಂದ, ತಲೆಗೆ ಒಂದು ಶಿಲಿಂಗ್‌ನಿಂದ ಶುರುವಾದದ್ದು. ಚಹಾ, ಕೇಕ್ ಇರುತ್ತದೆ, ತೋಟದವರು ಮಾತಿಗೆ ಸಿಗುತ್ತಾರೆ, ಸಸಿಯನ್ನೂ ಮಾರುತ್ತಾರೆ. ನಿಮ್ಮ ಮಗಳಿರುವ ಜಿಲ್ಲೆಯಲ್ಲೇ ಹಿಡ್‌ಕೋಟ್ ಎಂಬ ಹೆಸರಾಂತ ತೋಟವಿದೆ, ಅದರ ಎದುರಿಗೇ ಕಿಫ್ಟ್ಸ್‌ಗೇಟ್. ಕಿಫ್ಟ್ಸ್‌ಗೇಟನ್ನು ಒಂದೇ ಮನೆಯ ಮೂರು ತಲೆಮಾರಿನ ಹೆಂಗಸರು ಬೆಳೆಸಿದರು. ಮರವನ್ನೇ ಹತ್ತಿ ಕುಳಿತ ಬಿಳಿ ಗುಲಾಬಿಯೊಂದಿದೆ ಅಲ್ಲಿ, ಜುಲೈನಲ್ಲಿ ಹೂ. ಎರಡರಲ್ಲಿ ಒಂದಕ್ಕೇ ಸಮಯವಿದ್ದರೆ ನಾನು ಕಿಫ್ಟ್ಸ್‌ಗೇಟ್ ಅನ್ನುತ್ತೇನೆ, ಜನ ಕಡಿಮೆ.

ನೀವು ಹೊರಡುವ ಮೊದಲು ಮಗಳಿಗೆಂದು ಕೆಲವು ಕೆಲಸ. ಜುಲೈನಲ್ಲಿ ಚಾರ್ಡ್ ಬಿತ್ತಿ. ಪಾಲಕ್‌ನಂತೆ ಬಳಸಬಹುದು, ಹುಳಿಸೊಪ್ಪಿಗೆ ಆಗುತ್ತದೆ, ಚಳಿಗಾಲಕ್ಕೂ ಸ್ವಲ್ಪ ಸ್ವಲ್ಪ ಸಿಗುತ್ತದೆ. ಆಲೂಗಡ್ಡೆ ಅಗೆದ ಜಾಗದಲ್ಲಿ ಕೇಲ್ ಎಂಬ ಎಲೆಕೋಸಿನ ಬಳಗದ ಸೊಪ್ಪಿನ ಸಸಿ ನೆಡಿ, ಬಿಳಿ ಚಿಟ್ಟೆ ಮೊಟ್ಟೆಯಿಡದಂತೆ ಮೇಲೆ ಸಣ್ಣ ಕಣ್ಣಿನ ಬಲೆ. ಆಗಸ್ಟ್ ನಡುವಿಗೆ ಕೊತ್ತಂಬರಿ, ಮೇಲೆಯೇ ಹೇಳಿದೆ. ರಾಸ್‌ಬೆರಿಯಲ್ಲಿ ಈ ಬೇಸಿಗೆ ಹಣ್ಣು ಕೊಟ್ಟ ಕಂದು ಕೋಲುಗಳನ್ನು ಬುಡಕ್ಕೆ ಕತ್ತರಿಸಿ, ಹಸಿರು ಕೋಲುಗಳನ್ನು ತಂತಿಗೆ ಕಟ್ಟಿ. ಆಗಸ್ಟ್ ಕೊನೆಯಲ್ಲಿ ಹಣ್ಣು ಶುರುಮಾಡುವ ತಳಿಯಾದರೆ ಅದನ್ನು ಮುಟ್ಟದೆ ಫೆಬ್ರುವರಿಗೆ ಬಿಡಲು ಹೇಳಿ. ಮತ್ತೆ ಪ್ಲಮ್ ಮರ. ಆಗಸ್ಟ್‌ನಲ್ಲಿ ಹಣ್ಣಿನ ಭಾರಕ್ಕೆ ಕೊಂಬೆ ಮುರಿಯುವುದುಂಟು, ಕವಲುಗೋಲು ಕೊಡಿ. ಮುರಿದದ್ದನ್ನು ನೀವಿರುವಾಗಲೇ, ಒಣ ದಿನ ನೋಡಿ ಕತ್ತರಿಸಿಬಿಡಿ. ಸೇಬಿನ ಮರದ ಜೊತೆ ಚಳಿಗಾಲಕ್ಕೆ ಕತ್ತರಿಸೋಣ ಅಂತ ಅಳಿಯ ಬಿಟ್ಟರೆ, ಆ ಗಾಯದಿಂದ ಸಿಲ್ವರ್ ಲೀಫ್ ಎಂಬ ಶಿಲೀಂಧ್ರ ರೋಗ ಮರದೊಳಗೆ ಇಳಿಯುತ್ತದೆ.